ಮಾಲ್ಗುಡಿಗೆ ಮುಖ ಬರೆದ ಮೈಸೂರಿನ ಕುಂಚ

ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮಾಲ್ಗುಡಿ ಎಂಬ ಕಲ್ಪಿತ ಊರಿನ ಕಥೆ ಅದು. ಹೊದಿಕೆ ತೊಡಿಸಿದ್ದು ದೂರದ ಪ್ರಕಾಶಕರು. ಆದರೆ ಮೈಸೂರಿನ ಬೀದಿ, ಜನರನ್ನು ಕಂಡು ಬೆಳೆಯುತ್ತಿದ್ದ ಚಿತ್ರಕಾರನೊಬ್ಬ ನಾರಾಯಣ್ ಅವರ ಮನೆಯಲ್ಲೇ ಇದ್ದ: ಕಿರಿಯ ತಮ್ಮ ಲಕ್ಷ್ಮಣ್.

1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್, ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ‘ದಿ ಹಿಂದೂ’ವಿನಲ್ಲಿ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೂ ಅವರ ರೇಖೆ ಒದಗಿತು. ಯುದ್ಧದ ದಿನಗಳಲ್ಲಿ, 1942ರಲ್ಲಿ, ನಾರಾಯಣ್ ಮೈಸೂರಿನಲ್ಲೇ ‘ಇಂಡಿಯನ್ ಥಾಟ್ ಪಬ್ಲಿಕೇಷನ್ಸ್’ ಕಟ್ಟಿದರು. ಮುಂದೆ ಅದರ ಪುಸ್ತಕಗಳ ಮುಖಪುಟಗಳ ಮೇಲೆ ತಮ್ಮನ ಚಿತ್ರಗಳು ಬಂದವು. ಕರ್ನಾಟಕ ಪ್ರವಾಸದ ‘ದಿ ಎಮರಾಲ್ಡ್ ರೂಟ್’ (1977) ಪುಸ್ತಕಕ್ಕೂ ಚಿತ್ರ ಬರೆದವರು ಅವರೇ.

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಮುಖಪುಟವೆಂದರೆ ಸತುವಿನ ಬ್ಲಾಕ್. ಚಿತ್ರವನ್ನು ತಗಡಿನ ಮೇಲೆ ಇಳಿಸಿ, ಬೇಡದ ಭಾಗವನ್ನು ಆಮ್ಲ ತಿನ್ನುವಂತೆ ಮಾಡುತ್ತಿದ್ದರು. ರೇಖಾ ಬ್ಲಾಕಿನಲ್ಲಿ ಮಸಿ ಇರುತ್ತದೆ ಅಥವಾ ಇರುವುದಿಲ್ಲ; ನಡುವಿನ ಛಾಯೆಗೆ ಎಡೆಯಿಲ್ಲ. ಬಣ್ಣ ಹೆಚ್ಚಿದಷ್ಟೂ ಬ್ಲಾಕು, ಖರ್ಚು ಎರಡೂ ಹೆಚ್ಚು. ಹೀಗಾಗಿ ಮಸಿಯ ಕುಂಚದ ಒಂದೇ ಬೀಸಿನಲ್ಲಿ ಒಬ್ಬ ಮನುಷ್ಯನ ನಿಲುವು, ಅವನ ಅವಸರ, ಸಣ್ಣ ಅಹಂಕಾರ ಎಲ್ಲವನ್ನೂ ಹಿಡಿಯಬಲ್ಲವನೇ ಅಂಥ ಮುಖಪುಟಕ್ಕೆ ತಕ್ಕ ಕಲಾವಿದ. ಲಕ್ಷ್ಮಣ್ ಅವರಿಗೆ ಆ ಕಲೆ ಸಿದ್ಧಿಸಿತ್ತು. 1986ರಲ್ಲಿ ಶಂಕರ್‌ನಾಗ್ ನಾರಾಯಣ್ ಕಥೆಗಳ ‘ಮಾಲ್ಗುಡಿ ಡೇಸ್’ ಧಾರಾವಾಹಿ ತಂದಾಗ ಶೀರ್ಷಿಕೆಯ ಚಿತ್ರಗಳೂ ಅವರವೇ. ಇಲ್ಲದ ಊರೊಂದು ಓದುಗರ ಕಣ್ಣಲ್ಲಿ ನಿಂತದ್ದರಲ್ಲಿ ಬರಹದಷ್ಟೇ ಈ ರೇಖೆಗಳ ಪಾಲೂ ಇದೆ.

ಮುಖಪುಟ ಕಥೆಯ ಒಳಗೂ ಇಳಿಯಬಲ್ಲದು. 1925ರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಗೆ ಫ್ರಾನ್ಸಿಸ್ ಕುಗಾಟ್ ಬರೆದ ಚಿತ್ರವನ್ನು ಕಾದಂಬರಿಯೊಳಗೇ ತಂದುಕೊಂಡಿದ್ದೇನೆಂದು ಲೇಖಕ ಫಿಟ್ಸ್‌ಜೆರಾಲ್ಡ್ ಪ್ರಕಾಶಕರಿಗೆ ತಿಳಿಸಿದ್ದರು. ಇಂದು ಸಂಗ್ರಾಹಕರು ಆ ಮೊದಲ ಮುದ್ರಣಕ್ಕೆ ರಕ್ಷಾಪುಟವಿದ್ದರೆ ಹಲವು ಪಟ್ಟು ಬೆಲೆ ಕಟ್ಟುತ್ತಾರೆ.

ನಮ್ಮಲ್ಲಿ ಹರಿದ ಪುಸ್ತಕಕ್ಕೆ ಹೊಸ ಬೈಂಡು ಹಾಕಿಸುವಾಗ ಮೊದಲು ಹೋಗುವುದೇ ರಕ್ಷಾಪುಟ. ಜೊತೆಗೆ ಕಲಾವಿದನ ಹೆಸರೂ ಹೋಗುತ್ತದೆ. ಯಾದವಗಿರಿಯ ನಾರಾಯಣ್ ಮನೆಯನ್ನು ಉಳಿಸಿ ವಸ್ತುಸಂಗ್ರಹಾಲಯ ಮಾಡಿದ ಊರು ಮೈಸೂರು. ಇಲ್ಲಿನ ಗ್ರಂಥಾಲಯಗಳು ಹಳೆಯ ರಕ್ಷಾಪುಟಗಳನ್ನು ತೆಗೆದಿರಿಸಿ, ಲೇಖಕರ ಹೆಸರಿನ ಪಕ್ಕದಲ್ಲಿ ಚಿತ್ರ ಬರೆದವರ ಹೆಸರನ್ನೂ ದಾಖಲಿಸಲಿ. ಮನೆಯ ಕಪಾಟಿನಲ್ಲಿ ಹಳೆಯ ಪ್ರತಿ ಇರುವವರು ಈ ಕೆಲಸವನ್ನು ಇಂದೇ ಶುರುಮಾಡಬಹುದು.