ತೈಲದ ಜಗಳ, ಉಂಗುರದ ಮೇಲೆ ಸುಂಕ

ಮುಂಬೈ, ಬೆಳಗಿನ ಅಂಧೇರಿ ಪೂರ್ವ. ಬಸ್ಸು, ರಿಕ್ಷಾ, ಹೊಸ ಮೆಟ್ರೊ ಇಳಿದವರೆಲ್ಲ ಸೀಪ್ಜ್ ಗೇಟಿನತ್ತ ಧಾವಿಸುತ್ತಾರೆ. ಕೊರಳಲ್ಲಿ ಪಾಸು, ಕೈಯಲ್ಲಿ ಡಬ್ಬಾ. 1973ರಲ್ಲಿ ಎಲೆಕ್ಟ್ರಾನಿಕ್ಸ್ ರಫ್ತಿಗೆಂದು ಕಟ್ಟಿದ ವಲಯವಿದು. ಈಗ ವಜ್ರದ ಒಡವೆಗೆ ಹೆಸರುವಾಸಿ. ದೊಡ್ಡ ಗಿರಾಕಿ ಅಮೆರಿಕ.

ಒಳಗೆ ಸೆಟ್ಟಿಂಗ್ ಮೇಜಿನ ಅಂಚನ್ನು ಅರ್ಧಚಂದ್ರದಂತೆ ಕೊರೆದಿರುತ್ತಾರೆ. ಉದುರಿದ ಚಿನ್ನದ ಪುಡಿ ನೆಲಕ್ಕೆ ಬೀಳದೆ ಕೆಳಗಿನ ತಟ್ಟೆ ಸೇರಬೇಕು. ಕಾರೀಗರ ಅರಗಿನಲ್ಲಿ ಉಂಗುರ ನೆಟ್ಟು, ಸಾಸಿವೆಗಿಂತ ಸಣ್ಣ ವಜ್ರವನ್ನು ಮೇಣದ ತುದಿಯಲ್ಲಿ ಎತ್ತಿ ಗುಳಿಯಲ್ಲಿಟ್ಟು, ಸುತ್ತಲಿನ ಚಿನ್ನದ ಹಲ್ಲುಗಳನ್ನು ಒಂದೊಂದಾಗಿ ಒತ್ತುತ್ತಾನೆ. ಕೈ ತೊಳೆದ ನೀರನ್ನೂ ಸೋಸಿ ಚಿನ್ನ ತೆಗೆಯುತ್ತಾರೆ.

ರಷ್ಯದ ತೈಲದ ಜಗಳ ಬಂದು ಬಿದ್ದದ್ದು ಈ ಮೇಜಿನ ಮೇಲೆ. 2025ರ ಆಗಸ್ಟ್ 7ರಂದು ಅಮೆರಿಕ ಭಾರತದ ಸರಕಿಗೆ 25% ಸುಂಕ ಹಾಕಿತು. ರಷ್ಯದಿಂದ ತೈಲ ಕೊಳ್ಳುತ್ತೀರೆಂದು ಮತ್ತೆ 25%. ಎರಡನೆಯದು ಜಾರಿಯಾದದ್ದು ಆಗಸ್ಟ್ 27ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.31ಕ್ಕೆ. ಅಂದು ಗಣೇಶ ಚತುರ್ಥಿ. ಮುಂಬೈ ಢೋಲು-ತಾಶೆ ಬಡಿದು ಬಪ್ಪನನ್ನು ಮನೆಗೆ ಕರೆತರುತ್ತಿತ್ತು. ಕ್ರಿಸ್ಮಸ್ ಮಾರಾಟದ ಸರಕು ಹೊರಡುವ ಕಾಲವೂ ಅದೇ.

ಸುಂಕ ಕಟ್ಟುವವನು ಅಮೆರಿಕದ ಆಮದುದಾರ, ನಿಜ. ಆದರೆ ಭಾರ ಅಲ್ಲೇ ನಿಲ್ಲುವುದಿಲ್ಲ: ಬೆಲೆ ಇಳಿಸಿ, ಇಲ್ಲವೇ ಆರ್ಡರ್ ನಿಲ್ಲುತ್ತದೆ ಎಂಬ ಮಾತು ಇಲ್ಲಿಗೆ ಬರುತ್ತದೆ. ಆಗ ಥಾಯ್ಲೆಂಡಿಗೆ 19%, ಟರ್ಕಿಗೆ 15%, ದುಬೈಗೆ ಬರೀ 10%. ಉಂಗುರ ಎಲ್ಲಿ ತಯಾರಾಯಿತೋ ಆ ಊರಿನ ದರ. ಹಾಗಾಗಿ ಮಾಲೀಕರ ಬಾಯಲ್ಲಿ ದುಬೈ ಹೆಸರಿತ್ತು.

ನಮ್ಮ ಸರ್ಕಾರವೂ ಈ ಅಸ್ತ್ರ ಹಿಡಿದದ್ದುಂಟು. ಅಮೆರಿಕ ಉಕ್ಕಿಗೆ ಹಾಕಿದ ಸುಂಕಕ್ಕೆ ಉತ್ತರವಾಗಿ 2019ರ ಜೂನ್‌ನಲ್ಲಿ ಅಮೆರಿಕದ ಸೇಬು, ಬಾದಾಮಿ, ಅಕ್ರೋಟಿನ ಮೇಲೆ ಸುಂಕ ಏರಿಸಿತು. ವಾಷಿಂಗ್ಟನ್ ಸೇಬು ನಮ್ಮ ಮಾರುಕಟ್ಟೆಯಲ್ಲಿ ಹಿಂದೆ ಬಿತ್ತು. ಇರಾನ್, ಟರ್ಕಿಯ ಹಣ್ಣು ಆ ಜಾಗ ಹಿಡಿಯಿತು. ವಾಷಿಂಗ್ಟನ್ನಿನ ತೋಟದವನಿಗೂ ಉಕ್ಕಿಗೂ ಸಂಬಂಧವಿರಲಿಲ್ಲ. ಎರಡೂ ಕಡೆ ಪೆಟ್ಟು ತಿಂದವರು ಜಗಳಕ್ಕೇ ಸೇರದವರು ಎಂಬುದು ನನ್ನನ್ನು ಕಾಡುತ್ತದೆ.

ಸೀಪ್ಜ್ ಗೇಟಿನಾಚೆಯ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು ಲೆಕ್ಕವನ್ನು ತಮ್ಮದೇ ರೀತಿ ಹೇಳಿದರು: "ಓವರ್‌ಟೈಮ್ ನಿಂತ್ರೆ ನಮ್ಗೆ ರಾತ್ರಿ ಗಿರಾಕಿಯೇ ಇಲ್ಲ ಮಾರಾಯ್ರೆ."

2025ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್, ರಫ್ತುದಾರರ ಸಾಲದ ಕಂತಿಗೆ ಡಿಸೆಂಬರ್ 31ರವರೆಗೆ ಬಿಡುವು ಕೊಡಲು ಬ್ಯಾಂಕುಗಳಿಗೆ ಅವಕಾಶ ಕಲ್ಪಿಸಿತು. ಮುಂಬೈ ಹೊರವಲಯದ ನಾಲಾಸೋಪಾರಾದಲ್ಲಿ ಒಂದು ಕೋಣೆಯ ಮನೆ ಕೊಂಡು ಕಂತು ಕಟ್ಟುವ ಕಾರೀಗರನಿಗೆ ಆ ಬಿಡುವು ಸಿಗಲಿಲ್ಲ.