ಗುಂಡಿಗೆಯ ಕಸಿ

ತುಂಗಭದ್ರೆಯ ದಂಡೆಯ ಮೇಲಿರುವ ಐರಣಿಗೆ ನಾವು ಈಚೆಗೆ ಹೋಗಿದ್ದೆವು. ಹಳೆಯ ಕೋಟೆಯನ್ನು ನೋಡಿ ಬಂದು ಕಟ್ಟೆಯ ಮೇಲೆ ಕುಳಿತಿರಲು, ಹಿರಿಯರೊಬ್ಬರು, “ಏನ್ರೀ, ಮಾವಿಗೆ ಕಸಿ ಕಟ್ಟಿದ್ಹಂಗ ಮನಷ್ಯಾನ ಗುಂಡಿಗಿಗೂ ಕಟ್ಟತಾರಂತಲ್ಲ, ಖರೇ ಏನ್ರಿ?” ಎಂದು ಕೇಳಿದರು. ಖರೆಯೆಂದೆವು. ಆ ಒಂದು ಮಾತಿನ ಹಿಂದೆ ಅಡಗಿರುವ ಶ್ರಮವನ್ನೂ ನಿರಾಶೆಯನ್ನೂ ವಿವರಿಸಲು ಅಲ್ಲಿ ವೇಳೆ ಸಾಲದ ಕಾರಣ, ಇಲ್ಲಿ ವಾಚಕರ ಮುಂದಿಡುತ್ತೇವೆ.

ಐರಣಿಯು ಆಗ ಧಾರವಾಡ ಜಿಲ್ಹೆಗೆ ಸೇರಿದ್ದಿತು. ಆ ಜಿಲ್ಹೆಯು 1956ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದಿತು. ಆ ಮುಂಬಯಿಯ ಪರಳದಲ್ಲಿರುವ ಕೆ.ಇ.ಎಂ. ದವಾಖಾನೆಯಲ್ಲಿ ಡಾಕ್ಟರ ಪ್ರಫುಲ್ಲಕುಮಾರ ಸೇನರೆಂಬ ಶಸ್ತ್ರವೈದ್ಯರು ಕೆಲಸ ಮಾಡುತ್ತಿದ್ದರು. ಎದೆಯ ಗೂಡನ್ನು ತೆರೆಯುವುದೇ ಒಂದು ಸಾಹಸವೆನಿಸಿದ್ದ ಕಾಲವದು. ಗೂಡು ತೆರೆದೊಡನೆ ಪುಪ್ಪುಸವು ಗಾಳಿಯಿಳಿದ ತಿದಿಯಂತೆ ಕುಗ್ಗುವುದು. ನಳಿಗೆಯ ಮೂಲಕ ಉಸಿರನ್ನು ತುಂಬುತ್ತಿರದಿದ್ದರೆ ರೋಗಿಯು ಬದುಕಲಾರನು. ಸಂಧಿವಾತದ ಜ್ವರದಿಂದ ಹೃದಯದ ಕವಾಟವು ಕಿರಿದಾದಾಗ, ಬಡಿಯುತ್ತಿರುವ ಹೃದಯದೊಳಗೆ ಬೆರಳನ್ನಿಳಿಸಿ ಅದನ್ನು ಅಗಲಿಸುವ ಚಿಕಿತ್ಸೆಯನ್ನು ಸೇನರು 1950ರ ದಶಕದಲ್ಲಿ ನಡೆಸಿದರು.

ಒಂದು ಹೃದಯವನ್ನು ತೆಗೆದು ಮತ್ತೊಂದನ್ನು ಕೂಡಿಸುವ ಯೋಚನೆ ಅವರೊಬ್ಬರದಲ್ಲ. ರಶಿಯದ ಡೆಮಿಖೋವನು 1946ರಲ್ಲಿಯೇ ನಾಯಿಯ ಎದೆಯಲ್ಲಿ ಎರಡನೆಯ ಹೃದಯವನ್ನು ಹೊಲಿದಿದ್ದನು. ಸೇನರೂ ಅವರ ಜೊತೆಗಾರರೂ ನಾಯಿಗಳ ಮೇಲೆ ಪ್ರಯೋಗ ನಡೆಸಿ ಕೈ ಪಳಗಿಸಿಕೊಂಡರು. ಆ ಮೂಕಪ್ರಾಣಿಗಳ ಋಣವನ್ನು ನಾವು ನೆನೆಯುವುದೇ ಇಲ್ಲ. 1967ರ ಡಿಸೆಂಬರ 3ರಂದು ದಕ್ಷಿಣ ಆಫ್ರಿಕದ ಕೇಪಟೌನಿನಲ್ಲಿ ಬರ್ನಾರ್ಡರು ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕೂಡಿಸಿದರು. ಮೂರು ತಿಂಗಳು ತುಂಬುವ ಮೊದಲೇ, 1968ರ ಫೆಬ್ರುವರಿ 16ರಂದು, ಸೇನರು ಪರಳದಲ್ಲಿ ಅದೇ ಕಾರ್ಯವನ್ನು ಮಾಡಿದರು. ಜಗತ್ತಿನಲ್ಲಿ ಅದು ಆರನೆಯದು. ಹೃದಯವು ಬಡಿಯಿತು; ರೋಗಿಯು ಮೂರು ತಾಸು ಬದುಕಿದನು. ಅದೇ ಸಪ್ಟಂಬರದಲ್ಲಿ ಮತ್ತೊಬ್ಬನಿಗೆ ಮಾಡಿದರು. ಆತನು ಹದಿನಾಲ್ಕು ತಾಸು ಬದುಕಿದನು. ಬಳಿಕ ಆ ಕಾರ್ಯವು ನಿಂತುಹೋಯಿತು. ಸೇನರು ಸೋತರೆಂದು ಹೇಳುವವರುಂಟು, ನಮಗೆ ಹಾಗೆನಿಸದು.

ಮಾವಿನ ಗಿಡವು ಪರರ ರೆಂಬೆಯನ್ನು ತನ್ನದೆಂದು ಒಪ್ಪಿಕೊಳ್ಳುವುದು; ಮನುಷ್ಯದೇಹವು ಒಪ್ಪದು. ಹೊರಗಿನಿಂದ ಬಂದ ಅಂಗವನ್ನು ರೋಗಾಣುವೆಂದೇ ತಿಳಿದು ರಕ್ತದ ಬಿಳಿಯ ಕಣಗಳು ಅದರ ಮೇಲೆ ಬೀಳುವವು. ಈ ಮುನಿಸನ್ನು ಚೆನ್ನಾಗಿ ತಣಿಸಬಲ್ಲ ಸೈಕ್ಲೋಸ್ಪೋರಿನ್ ಎಂಬ ಔಷಧವು ಬಳಕೆಗೆ ಬಂದುದು 1980ರ ದಶಕದಲ್ಲಿ. ಇನ್ನೊಂದು ಅಡ್ಡಿ ಕಾಯಿದೆಯದು. ಮಿದುಳು ಸತ್ತರೂ ಯಂತ್ರದ ಉಸಿರಿನಿಂದ ಹೃದಯವು ಬಡಿಯುತ್ತಿರುವ ಸ್ಥಿತಿಯನ್ನು ಮರಣವೆಂದು ನಮ್ಮ ದೇಶವು ಒಪ್ಪಿದುದು 1994ರ ಕಾಯಿದೆಯಿಂದ. ಅದೇ ವರ್ಷ ಆಗಸ್ಟ 3ರಂದು ದಿಲ್ಲಿಯಲ್ಲಿ ಡಾಕ್ಟರ ವೇಣುಗೋಪಾಲರು ಹೃದಯದ ಕಸಿಯನ್ನು ಸಫಲಗೊಳಿಸಿದರು. 1982ರಲ್ಲಿ ತೀರಿಕೊಂಡ ಸೇನರು ಅದನ್ನು ಕಾಣಲಿಲ್ಲ.

ಈಗಿನ ಅಡ್ಡಿ ಬೇರೆಯೇ. ತೆಗೆದ ಹೃದಯವನ್ನು ಹಿಮದಲ್ಲಿಟ್ಟರೆ ಸುಮಾರು ನಾಲ್ಕು ತಾಸು ತಾಳುವುದು. ರಾಣೇಬೆನ್ನೂರಿನಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿನಷ್ಟು ದಾರಿ. ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಬಹುದು. ಮೂತ್ರಪಿಂಡವಾದರೋ ಒಂದು ದಿನದ ವರೆಗೂ ತಾಳುವುದು.

2021ರ ಜೂನಿನಲ್ಲಿ ನಟ ಸಂಚಾರಿ ವಿಜಯರು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ ಮಿದುಳು ನಿಂತಾಗ, ಅವರ ಮನೆಯವರು ಅಂಗದಾನಕ್ಕೆ ಒಪ್ಪಿದರು. ಅದೆಂತಹ ಗಳಿಗೆ! ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ; ಹೋದರೆಂದು ನಂಬುವುದು ಹೇಗೆ? ಇದಕ್ಕಾಗಿಯೇ ಕಾಯಿದೆಯು ನಾಲ್ವರು ವೈದ್ಯರು ಪರೀಕ್ಷಿಸಬೇಕೆಂದೂ, ಆರು ತಾಸಾದರೂ ಕಳೆದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕೆಂದೂ ವಿಧಿಸಿದೆ. ತೀರಿಕೊಂಡವರು ಮೊದಲೇ ಪ್ರತಿಜ್ಞಾಪತ್ರವನ್ನು ಬರೆದಿದ್ದರೂ ದವಾಖಾನೆಯವರು ಮನೆಯವರನ್ನೇ ಕೇಳುವರು. ಆದುದರಿಂದ ಬರೆದವರು ಆ ಮಾತನ್ನು ಮನೆಯಲ್ಲಿ, ಅದರಲ್ಲೂ ತಾಯಿಗೂ ಹೆಂಡತಿಗೂ, ತಿಳಿಸಿರುವುದು ಮೇಲು.

ಐರಣಿಯ ಹಿರಿಯರು ಕೊನೆಗೆ, ತಮ್ಮಂಥ ಮುದುಕರದು ಏನಾದರೂ ಉಪಯೋಗಕ್ಕೆ ಬರುವುದೇ ಎಂದು ಕೇಳಿದರು. ಕಣ್ಣು ಬರುವುದು. ಅದಕ್ಕೆ ಯಂತ್ರವೂ ಬೇಡ. ಮನೆಯಲ್ಲಿ ತೀರಿಕೊಂಡವರದೂ ಆಗುವುದು. ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಅರಳೆಯನ್ನಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಬೀಸಣಿಗೆಯ ಯಂತ್ರವನ್ನು ನಿಲ್ಲಿಸಬೇಕು. ಆರು ತಾಸಿನೊಳಗೆ ನೇತ್ರಭಂಡಾರದವರು ಬರುವಂತೆ ಕರೆ ಕಳುಹಬೇಕು.