ಬೀಟಲ್ಸ್ ಬಂದಿದ್ದ ಬಂಗಲೆಯಲ್ಲಿ ನಾಲ್ಕು ಗಂಟೆಯ ಟೀ!

ಇಂಗ್ಲಿಷ್ ಪಿಕ್ಚರುಗಳಲ್ಲಿ ಈ ದೃಶ್ಯ ಎಷ್ಟು ಸಲ ನೋಡಿಲ್ಲ ನೀವು? ಕಣ್ಣು ಹಾಯುವಷ್ಟು ದೂರ ಹಸಿರು ಹುಲ್ಲು. ನಡುವೆ ಅರಮನೆಯಂಥ ಬಂಗಲೆ. ಒಳಗೆ ದೊರೆಸಾನಿ ಪಿಂಗಾಣಿ ಕಪ್ಪಿನಲ್ಲಿ ಟೀ ಹೀರುತ್ತಿರುತ್ತಾಳೆ. ಕರಿ ಕೋಟಿನ ಬಟ್ಲರ್ ಟ್ರೇ ಹಿಡಿದು ಕಂಬದ ಹಾಗೆ ನಿಂತಿರುತ್ತಾನೆ. ನಮ್ಮ ಮುಂಬಯಿಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್ ನಿರ್ಮಾಪಕರಲ್ಲೊಬ್ಬರಾಗಿದ್ದ 'ದಿ ರಿಮೇನ್ಸ್ ಆಫ್ ದಿ ಡೇ' (1993) ನೋಡಿದವರು ಆಂಥೊನಿ ಹಾಪ್‌ಕಿನ್ಸ್‌ರ ಬಟ್ಲರ್ ಪಾತ್ರವನ್ನು ಮರೆಯೋದುಂಟೆ?

ಮಿತ್ರರೇ, ಪರದೆಯ ಮೇಲಿನ ಆ ಟೀಯನ್ನು ನಾನು ನಿಜವಾಗಿಯೂ ಕುಡಿದು ಬಂದಿದ್ದೇನೆ!

ಜಾಗದ ಹೆಸರು ಕ್ಲಿವ್‌ಡನ್. ಲಂಡನ್ನಿನ ಪಶ್ಚಿಮಕ್ಕೆ, ಬಕಿಂಗ್‌ಹ್ಯಾಮ್‌ಷೈರ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಎತ್ತರದಲ್ಲಿದೆ. ಬಾಂಡ್ ಚಿತ್ರಗಳ ತವರು ಪೈನ್‌ವುಡ್ ಸ್ಟುಡಿಯೋ ಇರುವುದೂ ಅದೇ ಸೀಮೆಯಲ್ಲೇ.

ಕಥೆಗಳ ಮನೆ

ಎರಡು ಸಲ ಬೆಂಕಿಗೆ ಬಿದ್ದ ಮನೆ ಇದು. ಈಗಿನ ಕಟ್ಟಡ 1851ರದ್ದು. ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿ; ಬ್ರಿಟಿಷ್ ಪಾರ್ಲಿಮೆಂಟ್ ಭವನದ ನಕ್ಷೆ ಹಾಕಿದ ಮಹಾಶಯ! 1893ರಲ್ಲಿ ಅಮೆರಿಕದ ಕೋಟ್ಯಧೀಶ ಆಸ್ಟರ್ ಇದನ್ನು ಕೊಂಡ. ಅವನ ಸೊಸೆ ನ್ಯಾನ್ಸಿ ಆಸ್ಟರ್ 1919ರಲ್ಲಿ ಹೌಸ್ ಆಫ್ ಕಾಮನ್ಸ್‌ನಲ್ಲಿ ಕೂತ ಮೊದಲ ಮಹಿಳೆ. ಆಕೆಯ ಅತಿಥಿಗಳ ಪಟ್ಟಿಯಲ್ಲಿ ಯಾರಿದ್ದರು ಗೊತ್ತೆ? ಸಾಕ್ಷಾತ್ ಚಾರ್ಲಿ ಚಾಪ್ಲಿನ್!

ಬೀಟಲ್ಸ್ ಹುಡುಗರ 'ಹೆಲ್ಪ್!' (1965) ಚಿತ್ರದಲ್ಲಿ ರಾಣಿಯ ಅರಮನೆಯಾಗಿ ಬಂದದ್ದು ಇದೇ ಬಂಗಲೆ. 1961ರ ಜುಲೈನಲ್ಲಿ ಇಲ್ಲಿನ ಈಜುಕೊಳದ ಬಳಿ ಮಂತ್ರಿ ಪ್ರೊಫ್ಯೂಮೊ 19ರ ಹುಡುಗಿ ಕ್ರಿಸ್ಟೀನ್ ಕೀಲರ್‌ಳನ್ನು ಕಂಡ. 1963ರಲ್ಲಿ ರಾಜೀನಾಮೆ ಕೊಟ್ಟ. ಆ ಕಥೆಯೇ 1989ರಲ್ಲಿ 'ಸ್ಕ್ಯಾಂಡಲ್' ಎಂಬ ಸಿನಿಮಾ ಆಯ್ತು. ಬಂಗಲೆ 1942ರಲ್ಲೇ ನ್ಯಾಷನಲ್ ಟ್ರಸ್ಟ್‌ಗೆ ಸೇರಿತ್ತು. 1980ರ ದಶಕದಲ್ಲಿ ಹೋಟೆಲ್ ಆಯಿತು. 2018ರಲ್ಲಿ ನಟಿ ಮೇಘನ್ ಮಾರ್ಕಲ್ ರಾಜಕುಮಾರನ ಕೈ ಹಿಡಿಯುವ ಹಿಂದಿನ ರಾತ್ರಿ ತಂಗಿದ್ದೂ ಇಲ್ಲೇ.

ಬಾಗಿಲವರೆಗಿನ ಅಣ್ಣ

ನನ್ನ ದೊಡ್ಡಪ್ಪನ ಮಗ ಪಕ್ಕದ ಸ್ಲೌ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಅವನ ಮನೆಯಲ್ಲೇ ನಾನು ಇಳಿದುಕೊಂಡಿದ್ದು. ಒಂಬತ್ತು ವರ್ಷದಿಂದ ಕ್ಲಿವ್‌ಡನ್ ಬಾಗಿಲಿಗೆ ಎಷ್ಟೋ ಜನರನ್ನು ತಂದು ಬಿಟ್ಟಿದ್ದಾನೆ. ಒಳಗೆ ಮಾತ್ರ ಒಂದು ದಿನವೂ ಕಾಲಿಟ್ಟವನಲ್ಲ.

ಮೊದಲೇ ಟೇಬಲ್ ಹೇಳಿಟ್ಟಿದ್ದೆವು. ಆದರೂ ಬಾಗಿಲ ಹತ್ತಿರ ಬಂದಾಗ ಅಣ್ಣ ನಿಂತುಬಿಟ್ಟ. "ನೀನು ಹೋಗಿ ಬಾರೋ. ನಾನು ಕಾರಲ್ಲೇ ಇರ್ತೀನಿ. ಇವ್ರಿಗೆಲ್ಲ ನನ್ನ ಮುಖ ಗೊತ್ತು ಕಣೋ" ಅಂದ.

"ಗೊತ್ತಿದ್ರೆ ಒಳ್ಳೇದಾಯ್ತಲ್ಲ, ಬಾರಣ್ಣ" ಅಂದೆ.

ಬಾಗಿಲು ತೆಗೆದಾತ ಅಣ್ಣನ ಮುಖವನ್ನೊಮ್ಮೆ ನೋಡಿ, ನಕ್ಕು, "ವೆಲ್‌ಕಮ್ ಸರ್" ಅಂದ. ಅಣ್ಣನ ಕೈ ತಾನಾಗೇ ಕೋಟಿನ ಗುಂಡಿಗೆ ಹೋಯಿತು.

ಒಳಗೆ ಗ್ರೇಟ್ ಹಾಲ್. ಗೋಡೆ ತುಂಬ ಮರದ ಕೆತ್ತನೆ, ಆಳೆತ್ತರದ ಉಕ್ಕಿನ ಕವಚಗಳು, ಸಾರ್ಜೆಂಟ್ ಎಂಬ ಹೆಸರಾಂತ ಕಲಾವಿದ ಬರೆದ ನ್ಯಾನ್ಸಿ ಆಸ್ಟರ್ ಚಿತ್ರ. ನಮ್ಮ ಸಿನಿಮಾದ ಶ್ರೀಮಂತ ಅಪ್ಪಂದಿರ ಬಂಗಲೆಗಳೆಲ್ಲ ಇದರ ಮುಂದೆ ನೀರು ಕುಡಿಯಬೇಕು!

ಮೂರಂತಸ್ತಿನ ತಿಂಡಿ

ಟೀ ಬಂತು ಅನ್ನೋದಕ್ಕಿಂತ ಮೆರವಣಿಗೆ ಬಂತು ಅನ್ನಿ. ಮೂರಂತಸ್ತಿನ ಸ್ಟ್ಯಾಂಡು. ಕೆಳಗೆ ಬೆರಳುದ್ದದ ಸ್ಯಾಂಡ್‌ವಿಚ್, ನಡುವೆ ಸ್ಕೋನ್ ಎಂಬ ದುಂಡನೆಯ ಬನ್ನು, ಮೇಲೆ ಕೇಕು. ತಿನ್ನೋದು ಕೆಳಗಿನಿಂದ ಮೇಲಕ್ಕೆ. ಸ್ಕೋನಿಗೆ ಜಾಮು ಮತ್ತು ಗಟ್ಟಿ ಕೆನೆ. ಕೆನೆ ಮೊದಲು ಅನ್ನುತ್ತಾರೆ ಡೆವನ್‌ನವರು. ಜಾಮು ಮೊದಲು ಅನ್ನುತ್ತಾರೆ ಕಾರ್ನ್‌ವಾಲ್‌ನವರು. ಈ ಜಗಳ ಇನ್ನೂ ತೀರಿಲ್ಲ! ಸ್ಯಾಂಡ್‌ವಿಚ್ಚು, ಸ್ಕೋನು ಎರಡನ್ನೂ ತಿನ್ನುವುದು ಕೈಯಲ್ಲೇ. ಮುದ್ದೆ ಮುರಿದ ಕೈಗೆ ಅದನ್ನೇನು ಹೇಳಿಕೊಡಬೇಕೆ?

ಸುಮಾರು 1840ರಲ್ಲಿ ಬೆಡ್‌ಫರ್ಡ್‌ನ ಡಚೆಸ್ ಆನಾ ಈ ಪದ್ಧತಿ ಶುರು ಮಾಡಿದಳು ಅಂತಾರೆ. ರಾತ್ರಿಯೂಟ ತಡ, ಸಂಜೆಗೆ ಹೊಟ್ಟೆ ಚುರುಗುಟ್ಟುತ್ತಿತ್ತಂತೆ. ನಮ್ಮ ಹೋಟೆಲುಗಳಲ್ಲಿ 'ಹೈ ಟೀ' ಅಂತ ಜಂಭದಿಂದ ಬೋರ್ಡು ಹಾಕುತ್ತಾರಲ್ಲ, ಅದು ಅಲ್ಲಿ ಕೂಲಿ ಕಾರ್ಮಿಕರು ಕೆಲಸ ಮುಗಿಸಿ ಉಣ್ಣುತ್ತಿದ್ದ ಸಂಜೆಯೂಟ! ಇನ್ನೊಂದು ಮಾತು: ನಮ್ಮ ಅಸ್ಸಾಮಿನ ಟೀ ಲಂಡನ್ನಿನಲ್ಲಿ ಮೊದಲ ಬಾರಿ ಹರಾಜಾದದ್ದು 1839ರ ಜನವರಿಯಲ್ಲಿ. ಡಚೆಸ್ಸಮ್ಮನ ಹಸಿವೂ, ನಮ್ಮ ತೋಟದ ಎಲೆಯೂ ಹೆಚ್ಚುಕಮ್ಮಿ ಒಂದೇ ಕಾಲದ್ದು.

ನಾವು ತರಿಸಿದ್ದೂ ಅಸ್ಸಾಮೇ. ಮೊದಲ ಕಪ್ಪಿನ ತನಕ ಅಣ್ಣ ಕುರ್ಚಿಯ ತುದಿಯಲ್ಲೇ ಕೂತಿದ್ದ. ಎರಡನೆಯದಕ್ಕೆ ಒರಗಿದ. ಮೂರನೆಯದನ್ನು ತಾನೇ ಬಗ್ಗಿಸಿಕೊಂಡ. ಬಿಲ್ಲು ಬಂತು: ಅವನ ಒಂದು ದಿನದ ಸಂಪಾದನೆ! ನಾನು ಪರ್ಸು ತೆಗೆದರೆ ಕೈ ಹಿಡಿದ. "ಇಷ್ಟು ವರ್ಷ ಬೇರೆಯವ್ರ ದುಡ್ಡಲ್ಲಿ ಬಾಗಿಲವರೆಗೆ ಬಂದಿದ್ದೀನಿ. ಒಳಗೆ ಕೂತಿದ್ದು ನನ್ನ ದುಡ್ಡಲ್ಲೇ ಆಗ್ಲಿ ಬಿಡೋ."

ಇನ್ನೊಮ್ಮೆ ಇಂಥ ಪಿಕ್ಚರು ಬಂದಾಗ ದೊರೆಸಾನಿಯ ವಜ್ರದ ಹಾರ ನೋಡಿ, ಬೇಡ ಅನ್ನೋದಿಲ್ಲ. ಆದರೆ ಟ್ರೇ ಹಿಡಿದವನನ್ನೂ, ಬಾಗಿಲಲ್ಲಿ ಕಾರು ನಿಲ್ಲಿಸಿದವನನ್ನೂ ಒಂದು ಕ್ಷಣ ನೋಡಿ. ಕ್ಯಾಮೆರಾ ಅವರ ಮೇಲೆ ನಿಲ್ಲೋದಿಲ್ಲ. ನಮ್ಮ ಕಣ್ಣಾದರೂ ನಿಲ್ಲಲಿ.